ಏಳನೆಯ ಕಲ್ಲಿನ ಮೇಲಿನ ಹೆಸರು

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ಅಧ್ಯಕ್ಷರೇ, ಅಂದರೆ ನಮ್ಮ ಕಾರ್ಖಾನೆಯ ದೊಡ್ಡ ಸಾಹೇಬರೇ. ಒಂದು ಗಂಟೆ ಹತ್ತು ನಿಮಿಷ ಮಾತನಾಡಿ ನಮ್ಮೆಲ್ಲರ ಕಣ್ಣು ತೆರೆಸಿದ, ಹಿಂದಿನ ಸಾಲಿನ ಕೆಲವರ ಕಣ್ಣು ಮುಚ್ಚಿಸಿದ ಮುಖ್ಯ ಅತಿಥಿ ಪ್ರಾಧ್ಯಾಪಕರೇ. ಪ್ರಯೋಗಾಲಯದ ಹುಲ್ಲು ಮೇಡಂ ಅವರೇ. ಕೆಟಲ್ ಶೆಡ್ಡಿನ, ಪ್ರೆಸ್ಸಿನ, ಬಾಯ್ಲರಿನ, ಗೋದಾಮಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ. ಮೂರನೆಯ ಸಾಲಿನಲ್ಲಿ ಕುಳಿತು ಆಗಲೇ ಕನ್ನಡಕ ಸರಿಪಡಿಸಿಕೊಳ್ಳುತ್ತಿರುವ ನನ್ನ ಹೆಂಡತಿಯೇ. ಮತ್ತು ಸಮಸ್ತ ಸಭಿಕರೇ.

ನಮ್ಮ ಮನೆಯಲ್ಲಿ ಕನ್ನಡಕ ಸರಿಪಡಿಸಿಕೊಂಡರೆ ‘ಸಾಕು, ಕೂತ್ಕೊಳ್ಳಿ’ ಎಂದರ್ಥ. ಇನ್ನೂ ಶುರುವನ್ನೇ ಮಾಡಿಲ್ಲ ಮಾರಾಯ್ತಿ, ಸ್ವಲ್ಪ ತಡೆ.

ನನ್ನ ಮಗಳು ಎರಡು ಪುಟದ ಭಾಷಣ ಬರೆದುಕೊಟ್ಟಿದ್ದಾಳೆ. ಅದರಲ್ಲಿ ‘ಅವಿಸ್ಮರಣೀಯ’ ಎಂಬ ಪದ ನಾಲ್ಕು ಸಲ ಬರುತ್ತದೆ. ನಾಲ್ಕು ಸಲವೂ ನನ್ನ ನಾಲಿಗೆ ತೊಡರುತ್ತದೆ ಎಂಬುದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಗೊತ್ತಾಯಿತು. ಆದ್ದರಿಂದ ಆ ಕಾಗದ ಜೇಬಿನಲ್ಲಿಯೇ ಇರಲಿ, ನಾನು ಬಾಯಿಗೆ ಬಂದದ್ದನ್ನು ಮಾತನಾಡುತ್ತೇನೆ. ಮೂವತ್ತೊಂದು ವರ್ಷ ನೀವು ಅದನ್ನೇ ಕೇಳಿಸಿಕೊಂಡಿದ್ದೀರಿ, ಇನ್ನೊಂದು ಅರ್ಧ ಗಂಟೆ ಕೇಳಿಸಿಕೊಳ್ಳಿ.

ನನಗೆ ಹೂಗುಚ್ಛ ಕೊಟ್ಟಿರಿ. ಗೋಡೆ ಗಡಿಯಾರ ಕೊಟ್ಟಿರಿ. ಇಷ್ಟು ವರ್ಷ ಗಡಿಯಾರ ನೋಡಿಕೊಂಡೇ ಬದುಕಿದವನಿಗೆ, ನೋಡುವ ಅಗತ್ಯ ತೀರಿದ ದಿನ ಗಡಿಯಾರ ಕೊಡುವುದೆಂದರೆ ಏನು ಅಕ್ಕರೆ! ಮಾನಪತ್ರವನ್ನೂ ಕೊಟ್ಟಿರಿ. ನಮ್ಮ ಕಚೇರಿಯ ಗುಮಾಸ್ತರು ಕಂಚಿನ ಕಂಠದಲ್ಲಿ ಅದನ್ನು ಓದಿದರು. ‘ಮೂವತ್ತೊಂದು ವರ್ಷಗಳಲ್ಲಿ ಒಂದೇ ಒಂದು ಕಲ್ಲನ್ನೂ ಕಾಣದ ಕೈ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನೂ ತಲೆ ಬಾಗಿಸಿದೆ.

ಅತಿಥಿಗಳು ಹೊರಗಿನವರು. ಕಲ್ಲು ಎಂದರೇನು ಎಂದು ಅವರಿಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಸ್ವಾಮಿ, ನಾವು ಅಂಟು ಬೇಯಿಸುವವರು. ತೆಳ್ಳಗೆ ಸುಲಿದ ಮರದ ಹಾಳೆಗಳನ್ನು ಒಂದರ ಮೇಲೊಂದು ಕೂರಿಸಿ, ಪ್ರೆಸ್ಸಿನಲ್ಲಿ ಒತ್ತಿ ಪ್ಲೈವುಡ್ ಮಾಡುತ್ತಾರಲ್ಲ, ಆ ಅಂಟು. ಎರಡಾಳೆತ್ತರದ ಉಕ್ಕಿನ ಕೆಟಲ್, ಒಳಗೆ ಕಲಸುವ ರೆಕ್ಕೆ, ಸುತ್ತಲೂ ಹಬೆಯ ಹೊದಿಕೆ. ಬೇಯುತ್ತ ಬೇಯುತ್ತ ನೀರಿನಂತಿದ್ದದ್ದು ಜೇನಿನ ಹದಕ್ಕೆ ಬರುತ್ತದೆ. ಆಗ ಹಬೆ ನಿಲ್ಲಿಸಿ ತಣ್ಣೀರು ಬಿಡಬೇಕು. ಹತ್ತು ನಿಮಿಷ ತಡವಾದರೆ ಕೆಟಲಿನ ಹೊಟ್ಟೆಯೊಳಗೆ ಎರಡು ಟನ್ ಕಲ್ಲು ಕೂತುಬಿಡುತ್ತದೆ. ಮತ್ತೆ ಕರಗಿಸಲು ಬರುವುದಿಲ್ಲ, ಬಗ್ಗಿಸಲು ಬರುವುದಿಲ್ಲ, ಬೈದರಂತೂ ಏನೂ ಆಗುವುದಿಲ್ಲ.

ಆಗ ನಮ್ಮಲ್ಲೊಂದು ಪದ್ಧತಿಯಿದೆ. ಯಾರ ಕೈಯಲ್ಲಿ ಕೆಟಲ್ ಕಲ್ಲಾಯಿತೋ ಅವರೇ, ಒಳಗೆ ಚೆನ್ನಾಗಿ ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು, ಉಳಿ ಸುತ್ತಿಗೆಯಿಂದ ಕೆತ್ತಿ ತೆಗೆಯಬೇಕು. ಕೊನೆಯ ತುಂಡಿನ ಮೇಲೆ ಬಿಳಿ ಬಣ್ಣದಲ್ಲಿ ತಾರೀಕು ಮತ್ತು ಹೆಸರು ಬರೆದು ಹಲಗೆಯ ಮೇಲೆ ಇಡಬೇಕು. ಅಗೋ ನೋಡಿ, ಈ ಊಟದ ಹಾಲ್‌ನಲ್ಲಿಯೇ, ಕುಡಿಯುವ ನೀರಿನ ನಲ್ಲಿಯ ಮೇಲಿನ ಹಲಗೆ. ಏಳು ಕಲ್ಲುಗಳಿವೆ. ನೀರು ಕುಡಿಯಲು ಹೋದವರೆಲ್ಲ ದಿನಕ್ಕೆ ನಾಲ್ಕು ಸಲ ಅವುಗಳ ಮೇಲಿನ ಹೆಸರು ಓದಿಕೊಂಡೇ ಬರಬೇಕು. ಆರು ಕಲ್ಲು ಕೆಂಪಗಿವೆ. ಏಳನೆಯದು ಕಡುಕಂದು. ಅದರ ಮೇಲೆ ‘ಎಡಚ’ ಎಂದು ಬರೆದಿದೆ.

ಎಡಚ ಯಾರು? ಎಡಗೈಯವನು, ಹದಿನಾರು ವರ್ಷದಿಂದ ನನ್ನ ಜೊತೆ ಕೆಟಲ್ ನೋಡಿಕೊಂಡವನು. ಈಗಲೂ ಬಾಗಿಲ ಹತ್ತಿರ ನಿಂತಿದ್ದಾನೆ. ಕೂರಲು ಜಾಗವಿದ್ದರೂ ನಿಲ್ಲುವ ಜಾತಿ. ಲೋ, ಕೂತ್ಕೊಳ್ಳೋ!

ಕಲ್ಲು ಬಿದ್ದವನು ಐದು ವರ್ಷ ಕೆಟಲಿನ ಮೇಸ್ತ್ರಿಯಾಗುವಂತಿಲ್ಲ ಎಂಬುದು ಇನ್ನೊಂದು ನಿಯಮ. ಹನ್ನೆರಡು ವರ್ಷದ ಹಿಂದೆ ಹಟ ಹಿಡಿದು ಆ ನಿಯಮ ಬರೆಸಿದವನು ಯಾರು? ನಾನೇ. ನನ್ನ ಭಾಷಣ ಮುಗಿದ ಮೇಲೆ ಅಧ್ಯಕ್ಷರು ಜೇಬಿನಿಂದ ಒಂದು ಲಕೋಟೆ ತೆಗೆದು ನನ್ನ ನಂತರದ ಮೇಸ್ತ್ರಿಯ ಹೆಸರನ್ನು ಓದುತ್ತಾರೆ. ಯಾರೋ ಹೊರಗಿನಿಂದ ಬರುವವರಂತೆ, ಒಳ್ಳೆಯವರಂತೆ. ಇರಲಿ, ಆ ಮಾತಿಗೆ ಆಮೇಲೆ ಬರುತ್ತೇನೆ.

ಪ್ರಾಧ್ಯಾಪಕರು ಇವತ್ತು ಹೇಳಿದ್ದೇನು? ಭೂಮಿಯ ತಳದ ಎಣ್ಣೆಯಿಂದ ಬರುವ ಕಚ್ಚಾವಸ್ತುವನ್ನು ಬಿಟ್ಟು, ಗಿಡಮರಗಳಿಂದ ಬರುವ ಕಚ್ಚಾವಸ್ತುವಿಗೆ ರಸಾಯನ ಉದ್ಯಮ ತಿರುಗಬೇಕು ಎಂದು. ನಿಜ, ಸ್ವಾಮಿ. ಆದರೆ ಆ ತಿರುವಿನಲ್ಲಿ ಮೊದಲು ಎದುರಾಗುವುದು ಎಣ್ಣೆಯ ಬಾವಿಯಲ್ಲ, ನನ್ನಂಥ ಮೇಸ್ತ್ರಿ. ಅದು ನಿಮ್ಮ ಪುಸ್ತಕದಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ, ಇಲ್ಲದಿದ್ದರೆ ಸೇರಿಸಿಕೊಳ್ಳಿ.

ಮೂವತ್ತು ವರ್ಷ ನಾವು ಅಂಟು ಬೇಯಿಸಿದ್ದು ಫಿನಾಲ್‌ನಿಂದ. ಅದು ಕಚ್ಚಾ ಎಣ್ಣೆಯ ಮರಿಮಗು. ಅದರ ವಾಸನೆ ನಿಮಗೆಲ್ಲ ಗೊತ್ತು, ಆಸ್ಪತ್ರೆಯ ನೆಲ ಒರೆಸಿದ ವಾಸನೆ. ನನ್ನ ಅಂಗಿಯಲ್ಲಿ, ಕೂದಲಲ್ಲಿ, ಊಟದ ಡಬ್ಬಿಯಲ್ಲಿ ಅದೇ ವಾಸನೆ. ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಗ ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಮೇಷ್ಟ್ರು ಕೇಳಿದ್ದಕ್ಕೆ ‘ಡಾಕ್ಟ್ರು’ ಎಂದುಬಿಟ್ಟಿದ್ದಳು. ಮಗುವಿನ ಮೂಗು ಹೇಳಿದ್ದನ್ನು ಮಗು ಹೇಳಿತು. ಆ ಮೇಷ್ಟ್ರು ಒಂದು ಸಂಜೆ ಮನೆಗೇ ಬಂದು ನನ್ನ ಮುಂದೆ ಕುಳಿತು, ಮೊಣಕಾಲು ನೋವಿನ ಪೂರ್ತಿ ಇತಿಹಾಸ ಹೇಳಿದರು. ನಾನೂ ಕೇಳಿಸಿಕೊಂಡೆ. ಮೆಟ್ಟಿಲು ಹತ್ತುವುದು ಕಡಿಮೆ ಮಾಡಿ ಎಂದೆ. ಮುಂದಿನ ವಾರ ಗುಣವಾಯಿತು ಎಂದು ಹೇಳಿ ಕಳಿಸಿದರು!

ಬಸ್ಸಿನಲ್ಲಿ ನಾನು ಹತ್ತಿದರೆ ಅಕ್ಕಪಕ್ಕದವರು ಸರಿದು ಕೂರುತ್ತಿದ್ದರು. ಮೂವತ್ತು ವರ್ಷದಲ್ಲಿ ನಾನು ನಿಂತು ಪ್ರಯಾಣ ಮಾಡಿದ್ದೇ ಇಲ್ಲ. ಈಗ ನೋಡಿ, ಹುಲ್ಲಿನ ಅಂಟು ಬಂದ ಮೇಲೆ ನನ್ನ ಅಂಗಿ ಒಣಹುಲ್ಲಿನ ಮೆದೆಯಂತೆ, ಸ್ವಲ್ಪ ಸುಟ್ಟ ಸೌದೆಯಂತೆ ಘಮಘಮ ಎನ್ನುತ್ತದೆ. ಯಾರೂ ಸರಿಯುವುದಿಲ್ಲ. ಒಂದೂವರೆ ವರ್ಷದಿಂದ ಕಂಬಿ ಹಿಡಿದು ನಿಂತುಕೊಂಡೇ ಬರುತ್ತಿದ್ದೇನೆ. ಪ್ರಗತಿಯಿಂದ ನನಗಾದ ನಷ್ಟ ಇದೊಂದೇ, ಹುಲ್ಲು ಮೇಡಂ ದಯವಿಟ್ಟು ಗಮನಿಸಬೇಕು.

ಹುಲ್ಲು ಮೇಡಂ ನಮ್ಮ ಪ್ರಯೋಗಾಲಯಕ್ಕೆ ಬಂದ ಮೊದಲ ದಿನವೇ ಒಂದು ಡಬ್ಬಿ ಹಿಡಿದುಕೊಂಡು ಕೆಟಲ್ ಶೆಡ್ಡಿಗೆ ಬಂದರು. ಡಬ್ಬಿಯಲ್ಲಿ ಕಂದು ಪುಡಿ. ಕಾಗದದ ಗಿರಣಿಯಲ್ಲಿ ಹುಲ್ಲು, ದಂಟು, ಮರದ ಚಕ್ಕೆ ಎಲ್ಲ ಬೇಯಿಸಿ ನಾರನ್ನು ಎತ್ತಿಕೊಂಡ ಮೇಲೆ ಉಳಿಯುವ ಕಪ್ಪು ನೀರಿದೆಯಲ್ಲ, ಅದರಿಂದ ತೆಗೆದ ಪುಡಿ. ಲಿಗ್ನಿನ್ ಎಂದು ಅದರ ಹೆಸರು.

‘ಮೇಸ್ತ್ರಿಗಳೇ, ಮರ ತನ್ನ ನಾರನ್ನ ತಾನೇ ಅಂಟಿಸಿಕೊಂಡಿರುತ್ತಲ್ಲ, ಆ ಅಂಟು ಇದು. ಅದನ್ನ ಕಿತ್ತು ಒಲೆಗೆ ಹಾಕ್ತಾ ಇದ್ದೀವಿ. ಆಮೇಲೆ ಎಲ್ಲಿಂದಲೋ ಎಣ್ಣೆ ತೋಡಿ ತಂದು ಅದೇ ಮರಕ್ಕೆ ಇನ್ನೊಂದು ಅಂಟು ಮಾಡ್ತಾ ಇದ್ದೀವಿ. ಇದಕ್ಕಿಂತ ಪೆದ್ದು ಕೆಲಸ ಇದೆಯಾ?’ ಎಂದರು.

ಎಷ್ಟು ಸರಳವಾದ ಮಾತು! ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಬಂತು. ‘ಅಮ್ಮಾ, ನೀವು ಹುಟ್ಟೋಕೆ ಮುಂಚೆಯಿಂದ ಅಂಟು ಬೇಯಿಸ್ತಿದ್ದೀನಿ. ಇದು ಕೆಟಲು, ದನದ ಕೊಟ್ಟಿಗೆ ಅಲ್ಲ’ ಎಂದೆ. ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ಅವರಿಗೆ ಹುಲ್ಲು ಮೇಡಂ ಎಂದು ಹೆಸರಿಟ್ಟವನೂ ನಾನೇ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಮಾರನೆಯ ದಿನ ತಮ್ಮ ಬಾಗಿಲ ಮೇಲೆ ತಾವೇ ‘ಹುಲ್ಲು ಮೇಡಂ’ ಎಂದು ಚೀಟಿ ಅಂಟಿಸಿಕೊಂಡರು. ಅಂಥವರ ಜೊತೆ ಜಗಳವಾಡುವುದು ಹೇಗೆ ಹೇಳಿ?

ಆ ಡಬ್ಬಿಯ ಕಥೆಯನ್ನು ಹೇಳದಿದ್ದರೆ ಕ್ಯಾಂಟೀನಿನ ಅಡುಗೆಯವರು ನನ್ನನ್ನು ಕ್ಷಮಿಸುತ್ತಾರೆ, ಆದರೆ ನೀವು ಕ್ಷಮಿಸುವುದಿಲ್ಲ. ಮೇಡಂ ಡಬ್ಬಿಯನ್ನು ಕ್ಯಾಂಟೀನಿನ ಕಟ್ಟೆಯ ಮೇಲೆ ಮರೆತು ಹೋದರು. ಅಡುಗೆಯವರು ಮುಚ್ಚಳ ತೆಗೆದು ನೋಡಿದರು, ಕಾಫಿ ಪುಡಿ ಎಂದುಕೊಂಡರು, ಮಧ್ಯಾಹ್ನ ಮೂರು ಗಂಟೆಗೆ ಕಚೇರಿಯವರಿಗೆಲ್ಲ ಮಾಡಿ ಹಂಚಿದರು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಗುಮಾಸ್ತರು ಮಾತ್ರ ‘ಇವತ್ತು ಕಾಫಿ ಹದವಾಗಿದೆ’ ಎಂದು ಇನ್ನೊಂದು ಲೋಟ ಕೇಳಿದ್ದರು. ನಗಬೇಡಿ ಗುಮಾಸ್ತರೇ, ಗಿಡಮೂಲದ ಕಚ್ಚಾವಸ್ತುವನ್ನು ಈ ಕಾರ್ಖಾನೆಯಲ್ಲಿ ಮೊದಲು ಒಪ್ಪಿಕೊಂಡವರು ನೀವೇ.

ನಾನೇಕೆ ಒಪ್ಪಲಿಲ್ಲ? ಇದನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಈ ಹೆಬ್ಬೆರಳಿನಲ್ಲಿದೆ. ನೋಡಿ, ಮುಂದಿನ ಸಾಲಿನವರಿಗೆ ಕಾಣಬಹುದು. ಇದರ ಮೇಲೆ ಗೆರೆಗಳೇ ಇಲ್ಲ, ಬೋಳಾಗಿದೆ. ಮೂವತ್ತು ವರ್ಷ ಸೌಟಿನಿಂದ ಬಿಸಿ ಅಂಟು ತೆಗೆದು, ಉಕ್ಕಿನ ತಟ್ಟೆಯ ಮೇಲೆ ಹನಿ ಬಿಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಎಳೆ ಎಳೆದದ್ದು. ಅಡುಗೆಮನೆಯಲ್ಲಿ ಸಕ್ಕರೆ ಪಾಕಕ್ಕೆ ಎಳೆ ನೋಡುತ್ತಾರಲ್ಲ, ಹಾಗೆಯೇ. ಎಳೆ ಒಂದು ಗೇಣು ಉದ್ದ ತುಂಡಾಗದೆ ಬಂದರೆ ಅಂಟು ಆಯಿತು. ಅದಕ್ಕೇ ನೀವು ನನಗೆ ಪಾಕದಜ್ಜ ಎಂದು ಹೆಸರಿಟ್ಟಿರಿ, ಆಗ ನನಗೆ ಮೂವತ್ತೆಂಟು ವರ್ಷ. ಗೇಟಿನಲ್ಲಿ ಬೆರಳು ಒತ್ತುವ ಹಾಜರಿ ಯಂತ್ರ ಬಂದಾಗ ನನ್ನ ಹೆಬ್ಬೆರಳನ್ನು ಅದು ಗುರುತಿಸಲೇ ಇಲ್ಲ. ಯಂತ್ರದ ಲೆಕ್ಕದಲ್ಲಿ ನಾನು ಈ ಕಾರ್ಖಾನೆಗೆ ಒಂದು ದಿನವೂ ಬಂದಿಲ್ಲ. ಕಾವಲಿನವರು ನನ್ನೊಬ್ಬನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಆ ಬೆರಳು ನನ್ನ ಹೆಮ್ಮೆ. ಹುಲ್ಲಿನ ಪುಡಿ ಬಂದರೆ ಬೆರಳಿನ ಮಾತು ನಡೆಯುವುದಿಲ್ಲವೇನೋ ಎಂಬ ಭಯ ನನಗೆ ಮೊದಲ ದಿನವೇ ಹೊಕ್ಕಿತ್ತು. ಭಯ ಎಂದು ಹೇಳಿಕೊಳ್ಳಲು ನಾಚಿಕೆ, ಅದಕ್ಕೇ ತಮಾಷೆ ಮಾಡುತ್ತಿದ್ದೆ.

ಕೊನೆಗೆ ದೊಡ್ಡ ಸಾಹೇಬರು ಒಂದು ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟರು. ಫಿನಾಲ್ ಅರ್ಧ, ಹುಲ್ಲಿನ ಪುಡಿ ಅರ್ಧ. ಕೆಟಲ್ ನಿಮ್ಮ ಕೈಯಲ್ಲಿರಲಿ ಎಂದು ಮೇಡಂ ನನ್ನನ್ನು ಕೇಳಿದರು. ಆ ದಿನ ನನಗೆ ರಜೆಯಿದೆ ಎಂದೆ. ರಜೆ ಇರಲಿಲ್ಲ, ಅವರು ಕೇಳಿದ ಮೇಲೆ ಹಾಕಿದೆ. ‘ನಾನು ಮಾಡ್ತೀನಿ’ ಎಂದ ಎಡಚ. ಆ ಮಧ್ಯಾಹ್ನದ ಕಥೆ ನಿಮಗೆಲ್ಲ ಗೊತ್ತು, ಕ್ಯಾಂಟೀನಿನಲ್ಲಿ ನಾನೇ ಬೇಕಾದಷ್ಟು ಸಲ ಅಭಿನಯ ಮಾಡಿ ತೋರಿಸಿದ್ದೇನೆ. ನಮ್ಮ ಸೌಟಿನ ಹಿಡಿ ಬಲಗೈಗೆಂದು ಬಗ್ಗಿಸಿದ್ದು, ಅವನು ಎಡಚ, ಹದಿನಾರು ವರ್ಷವೂ ಕೆಟಲಿಗೆ ಬೆನ್ನು ಹಾಕಿದವನಂತೆ ಓರೆಯಾಗಿ ನಿಂತು ಸೌಟು ಇಳಿಸುತ್ತಿದ್ದ. ಆವತ್ತೂ ಹಾಗೆಯೇ ಇಳಿಸಿದ, ಎತ್ತಿದ, ತಟ್ಟೆಯ ಮೇಲೆ ಹನಿ ಬಿಟ್ಟ. ಕಪ್ಪಗೆ, ದಪ್ಪಗೆ ಕೂತಿತು. ನಾನು ಹೆಬ್ಬೆರಳಿಟ್ಟು ಎಳೆದೆ. ಎರಡು ಬೆರಳಗಲ ಬಂತು, ತುಂಡಾಯಿತು. ಮತ್ತೆ ಎಳೆದೆ, ಮತ್ತೆ ತುಂಡಾಯಿತು...

ಗೋದಾಮಿನ ಸಾಲಿನಲ್ಲಿ ಯಾರೋ ಪಕ್ಕದವರ ಮುಖ ನೋಡಿದಿರಿ. ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ. ರಜೆಯಲ್ಲಿದ್ದ ಪಾಕದಜ್ಜ ಅಲ್ಲೇನು ಮಾಡುತ್ತಿದ್ದ?

ನೋಡಿ, ಮಾತು ಎಲ್ಲಿಗೋ ಬಂದುಬಿಟ್ಟಿತು. ಮಗಳ ಕಾಗದವನ್ನೇ ಓದಬೇಕಿತ್ತು. ‘ಅವಿಸ್ಮರಣೀಯ’ದಲ್ಲಿ ನಾಲಿಗೆ ತೊಡರಿದರೂ ಇಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತಿರಲಿಲ್ಲ. ನನ್ನ ಹೆಂಡತಿ ಕನ್ನಡಕ ಮುಟ್ಟಿಕೊಳ್ಳುತ್ತಾಳೇನೋ ಎಂದು ನೋಡಿದೆ. ಇಲ್ಲ, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಹೇಳಿ ಮುಗಿಸಿ ಎಂದರ್ಥ. ಇದೂ ನಮ್ಮ ಮನೆಯ ಸನ್ನೆಯೇ.

ಹಾಗಾದರೆ ಹೇಳುತ್ತೇನೆ. ಆ ದಿನ ನಾನು ಮನೆಯಲ್ಲಿ ಕೂರಲಾರದೆ ಬಂದಿದ್ದೆ. ಕಾವಲಿನವರು ಲಾರಿಯ ಹಿಂದೆ ಹೋಗಿದ್ದರು, ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ. ಯಂತ್ರಕ್ಕಂತೂ ನನ್ನ ಗುರುತೇ ಇಲ್ಲ. ನಾನು ಮೆಟ್ಟಿಲು ಹತ್ತಿ ಕೆಟಲಿನ ಬಾಯಿಯ ಹತ್ತಿರ ಹೋದಾಗ ಮೇಡಂ ಪ್ರಯೋಗಾಲಯಕ್ಕೆ ಹೋಗಿದ್ದರು, ಎಡಚ ಒಬ್ಬನೇ ಇದ್ದ. ‘ಮೇಸ್ತ್ರಿ, ಎಳೆ ಬರ್ತಾನೇ ಇಲ್ಲ, ತುಂಡಾಗ್ತಾ ಇದೆ. ಆದ್ರೆ ರೆಕ್ಕೆ ಸದ್ದು ಭಾರ ಆಗಿದೆ. ನಂಗ್ಯಾಕೋ ಆಯ್ತು ಅನ್ಸುತ್ತೆ, ತಣ್ಣೀರು ಬಿಡ್ಲಾ?’ ಎಂದ. ಅವನ ಎಡಗೈ ತಣ್ಣೀರಿನ ವಾಲ್ವಿನ ಮೇಲೆಯೇ ಇತ್ತು.

ನಾನು ಸೌಟು ಕಿತ್ತುಕೊಂಡೆ. ಎಳೆ ನೋಡಿದೆ. ತುಂಡಾಯಿತು. ‘ಎಳೆ ಬರದೆ ಕೆಟಲ್ ಇಳಿಸಿದವನು ಈ ಶೆಡ್ಡಿನಲ್ಲಿ ಇನ್ನೂ ಹುಟ್ಟಿಲ್ಲ ಕಣೋ. ಇನ್ನೂ ಸ್ವಲ್ಪ ಕಾಯಿ’ ಎಂದೆ. ವಾಲ್ವಿನ ಮೇಲಿದ್ದ ಅವನ ಕೈಯನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ. ಈ ಕೈಯಿಂದ.

ಹನ್ನೊಂದು ನಿಮಿಷ ಕಾದೆವು. ರೆಕ್ಕೆ ಒಂದು ಸಲ ನರಳಿ ನಿಂತಿತು. ಆ ಸದ್ದು ಕೇಳಿದವರಿಗೇ ಗೊತ್ತು. ಎಲ್ಲರೂ ಓಡಿ ಬರುವಷ್ಟರಲ್ಲಿ ನಾನು ಮೆಟ್ಟಿಲಿಳಿದು ಕೆಳಗೆ ಎಲ್ಲರ ನಡುವೆ ನಿಂತಿದ್ದೆ, ನಾನೂ ಸದ್ದು ಕೇಳಿ ಬಂದವನಂತೆ. ದೊಡ್ಡ ಸಾಹೇಬರು ಮೇಲೆ ನೋಡಿ ‘ಕೆಟಲ್ ಯಾರ ಕೈಯಲ್ಲಿತ್ತು?’ ಎಂದು ಕೇಳಿದರು. ನಾನು ಬಾಯಿ ತೆರೆಯಲಿಲ್ಲ. ‘ನನ್ನ ಕೈಯಲ್ಲಿತ್ತು ಸಾರ್’ ಎಂದ ಎಡಚ.

ನಾಲ್ಕು ದಿನ ಅವನು ಒಳಗಿಳಿದು ಕೆತ್ತಿದ. ಎರಡನೆಯ ದಿನ ನಾನು ಕೆಟಲಿನ ಬಾಯಿಂದ ಒಳಗೆ ಬಗ್ಗಿ, ಯಾಕೋ ಹಾಗೆ ಹೇಳಿದೆ ಎಂದು ಮೆಲ್ಲಗೆ ಕೇಳಿದೆ. ಅವನು ಉಳಿ ನಿಲ್ಲಿಸದೆಯೇ ಹೇಳಿದ: ‘ನಿಮಗೆ ಮೂವತ್ತು ವರ್ಷ ಒಂದೂ ಕಲ್ಲಿಲ್ಲ ಮೇಸ್ತ್ರಿ. ಹೋಗೋ ಹೊತ್ತಿಗೆ ಯಾಕೆ? ನಂಗಿನ್ನೂ ಟೈಮ್ ಇದೆ ಬಿಡಿ.’ ಐದು ವರ್ಷದ ನಿಯಮ ಅವನಿಗೆ ಆಗ ನೆನಪಿರಲಿಲ್ಲ. ನನಗೂ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಸಿದವನು ನಾನಲ್ಲವೇ?

ಕ್ಯಾಂಟೀನಿನಲ್ಲಿ ಆ ಕಥೆಯನ್ನು ನಾನು ಅಭಿನಯ ಮಾಡಿ ತೋರಿಸುವಾಗ ಅವನೂ ಅಲ್ಲಿಯೇ ಕೂತು ನಗುತ್ತಿದ್ದ. ನನಗೆ ನಾಚಿಕೆಯಾಗಬೇಕಿತ್ತು. ಆಗುತ್ತಿತ್ತು ಕೂಡ, ಆದರೆ ಮಾರನೆಯ ದಿನ ಮತ್ತೆ ಯಾರಾದರೂ ಮಾಡಿ ತೋರಿಸಿ ಎಂದರೆ ಮಾಡಿ ತೋರಿಸುತ್ತಿದ್ದೆ.

ಇರಲಿ, ಮುಖ ಸಣ್ಣದು ಮಾಡಿಕೊಳ್ಳಬೇಡಿ. ಇಂದು ಸಂತೋಷದ ದಿನ, ಮುಂದಿನ ಕಥೆ ಅದಕ್ಕಿಂತಲೂ ಸಂತೋಷದ್ದು. ನೀವು ಪೂರ್ತಿ ಕೇಳಿರದ ಕಥೆಯೂ ಹೌದು.

ಕೆಟಲಿನ ಪಕ್ಕ ಒಂದು ತಣ್ಣೀರಿನ ಬಕೆಟ್ ಇರುತ್ತದೆ, ಸೌಟು ಜಾಲಿಸಲು. ಅದನ್ನು ಯಾರೂ ನೋಡುವುದಿಲ್ಲ, ಪಾಳಿ ಮುಗಿದ ಮೇಲೆ ಚೆಲ್ಲುತ್ತೇವೆ. ಆ ಗಲಾಟೆಯಲ್ಲಿ ಅದನ್ನು ಚೆಲ್ಲಲು ಯಾರಿಗೂ ನೆನಪಾಗಿರಲಿಲ್ಲ. ನಾಲ್ಕನೆಯ ದಿನ ಕೆತ್ತಿ ಮೇಲೆ ಬಂದ ಎಡಚ ಕೈ ತೊಳೆಯಲು ಅದರ ಮೇಲೆ ಬಗ್ಗಿದ. ಬಗ್ಗಿದವನು ಕೈ ಹಾಕಲಿಲ್ಲ. ಸೌಟು ಜಾಲಿಸಿದಾಗೆಲ್ಲ ಬಿದ್ದ ಹನಿಗಳು ಅದರಲ್ಲಿದ್ದವು. ಮೊದಮೊದಲಿನವು ಕರಗಿ ನೀರನ್ನು ಚಹಾದ ಬಣ್ಣ ಮಾಡಿದ್ದವು. ಆಮೇಲಿನವು ಮೋಡದಂತೆ ಹರಡಿ ತಳದಲ್ಲಿ ಕೆಸರಾಗಿ ಕೂತಿದ್ದವು. ಅದರ ಮೇಲೆ ದುಂಡು ದುಂಡಗೆ, ಅಂಗಿಯ ಗುಂಡಿಯಂಥ ಕಾಳುಗಳು. ಬೇಯುವಿಕೆ ಎಲ್ಲಿಗೆ ಬಂದಿತ್ತು ಎಂಬುದೆಲ್ಲ ಆ ಬಕೆಟಿನಲ್ಲಿತ್ತು. ನಾವಿಬ್ಬರೂ ಅದರ ಪಕ್ಕದಲ್ಲಿಯೇ ನಿಂತು ಎಳೆ ನೋಡುತ್ತಿದ್ದೆವು!

ಅವನು ಹೋಗಿ ಮೇಡಂ ಅವರನ್ನು ಕರೆತಂದ. ‘ಮೇಡಂ, ಇದಕ್ಕೆ ಎಳೆ ನೋಡಬಾರದು ಅನ್ಸುತ್ತೆ. ನೀರಿಗೆ ಬಿಟ್ಟು ನೋಡ್ಬೇಕು. ಮೋಡ ಕಟ್ಟಿದ್ರೆ ಇನ್ನೂ ಬೇಯ್ಬೇಕು, ಕಾಳಾಗೋಕೆ ಶುರುವಾದ ತಕ್ಷಣ ಇಳಿಸ್ಬೇಕು’ ಎಂದ. ಇಬ್ಬರೂ ಬಕೆಟಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಕೂತಿದ್ದನ್ನು ನಾನು ಕಂಡೆ. ‘ಏನು, ಮೀನು ಹಿಡೀತಿದ್ದೀರಾ?’ ಎಂದು ಕೇಳಿದೆ. ಮೇಡಂ ತಲೆಯೆತ್ತಿ ‘ಹೌದು ಮೇಸ್ತ್ರಿಗಳೇ, ದೊಡ್ಡದೇ ಸಿಕ್ಕಿದೆ’ ಎಂದರು.

ದೊಡ್ಡ ಸಾಹೇಬರು ಇನ್ನು ಒಂದೇ ಒಂದು ಸಲ ಎಂದರು. ಮತ್ತೆ ಎಡಚನೇ ನಿಂತ. ಗಾಜಿನ ಲೋಟದಲ್ಲಿ ತಣ್ಣೀರು, ನಿಮಿಷಕ್ಕೊಂದು ಹನಿ. ನಾನು ಮೆಟ್ಟಿಲ ಕೆಳಗೆ ಕೂತಿದ್ದೆ, ಈ ಸಲ ಮೇಲೆ ಹತ್ತಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಅವನು ಲೋಟವನ್ನೇ ನೋಡುತ್ತಿದ್ದ. ಮೋಡ, ಮೋಡ, ಮೋಡ. ಆಮೇಲೆ ಒಂದು ಹನಿ ಹರಡದೆ ದುಂಡಗೆ ಕೆಳಗಿಳಿಯಿತು. ಯಾರನ್ನೂ ಕೇಳದೆ ಅವನು ವಾಲ್ವು ತಿರುಗಿಸಿದ.

ಆ ಅಂಟಿನಿಂದ ಹಲಗೆ ಮಾಡಿ, ತುಂಡು ಕತ್ತರಿಸಿ, ಮೂರು ದಿನ ಮೂರು ರಾತ್ರಿ ಕುದಿಯುವ ನೀರಿನಲ್ಲಿ ಹಾಕಿದೆವು. ನಾಲ್ಕನೆಯ ಬೆಳಿಗ್ಗೆ ಹತ್ತು ಗಂಟೆಗೆ ಮೇಡಂ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದರು, ಉಳಿಯನ್ನು ನಡುವೆ ತೂರಿಸಿ ಮೀಟಿದರು. ಅಂಟು ಬಿಟ್ಟರೆ ಸೋತಂತೆ. ಅಂಟು ಬಿಡಲಿಲ್ಲ, ಮರವೇ ಹರಿಯಿತು! ಇನ್ನೊಂದು ತುಂಡು, ಮರ ಹರಿಯಿತು. ಹನ್ನೆರಡಕ್ಕೆ ಹನ್ನೆರಡು! ಹುಲ್ಲು ಮೇಡಂ ಇಕ್ಕಳ ಹಿಡಿದುಕೊಂಡೇ ಕುಣಿದರು. ಬಾಯ್ಲರಿನವರು ಸೀಟಿ ಊದಿದರು, ಊಟದ ಗಂಟೆಯೆಂದು ತಿಳಿದು ಪ್ರೆಸ್ಸಿನವರೆಲ್ಲ ತಟ್ಟೆ ಹಿಡಿದು ಬಂದರು. ಎಡಚ ಮಾತ್ರ ಹರಿದ ತುಂಡನ್ನು ಮೂಸಿ ನೋಡಿ ಜೇಬಿಗೆ ಹಾಕಿಕೊಂಡ. ಅವತ್ತಿನಷ್ಟು ಸಂತೋಷವನ್ನು ನಾನು ಈ ಶೆಡ್ಡಿನಲ್ಲಿ ಯಾವತ್ತೂ ಪಟ್ಟಿಲ್ಲ. ಬೆರಳು ಸೋತಿತ್ತು, ಆದರೂ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಇದು ಹೇಗೆ ಎಂದು ಪ್ರಾಧ್ಯಾಪಕರು ಬೇಕಾದರೆ ವಿವರಿಸಲಿ.

ಇಂದು ಹತ್ತು ಪಾಲಿನಲ್ಲಿ ಆರು ಪಾಲು ಹುಲ್ಲು. ಇನ್ನೂ ನಾಲ್ಕು ಪಾಲು ಎಣ್ಣೆಯ ಫಿನಾಲೇ, ಪೂರ್ತಿ ಬಿಟ್ಟಿದ್ದೇವೆ ಎಂದು ಎದೆ ತಟ್ಟಿಕೊಳ್ಳುವುದಿಲ್ಲ. ಮೇಡಂ ಏಳಕ್ಕೆ ಏರಿಸುತ್ತೇನೆ ಎನ್ನುತ್ತಿದ್ದಾರೆ. ಸಭಿಕರೇ, ಇನ್ನೊಂದು ಗುಟ್ಟು. ಎರಡು ಗಂಟೆಯಿಂದ ನೀವು ಕೂತಿರುವ ಈ ಹೊಸ ಕುರ್ಚಿಗಳಿವೆಯಲ್ಲ, ಅವುಗಳ ಹಲಗೆ ಹುಲ್ಲಿನ ಅಂಟಿನದು. ಪ್ರಾಧ್ಯಾಪಕರ ಭಾಷಣವನ್ನೂ ನನ್ನ ಭಾಷಣವನ್ನೂ ತಡೆದುಕೊಂಡಿವೆ. ಕುದಿಯುವ ನೀರಿಗಿಂತ ಇದು ಕಠಿಣ ಪರೀಕ್ಷೆ.

ಈಗ ಲಕೋಟೆಯ ಮಾತು. ಅಧ್ಯಕ್ಷರೇ, ಅದನ್ನು ಓದುವ ಮೊದಲು ನನ್ನದೊಂದು ಕೋರಿಕೆ. ಗುಮಾಸ್ತರೇ, ನೀವು ಹತ್ತಿರದಲ್ಲಿದ್ದೀರಿ, ಆ ಏಳನೆಯ ಕಲ್ಲನ್ನು ಸ್ವಲ್ಪ ತಂದುಕೊಡುತ್ತೀರಾ? ಜೋಪಾನ, ಭಾರವಿದೆ. ಹಾ, ಇಲ್ಲಿಡಿ. ಪೀಪಾಯಿಗೆ ಗುರುತು ಹಾಕುವ ಬಿಳಿ ಪೆನ್ನು ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ, ಇವತ್ತೂ ಇದೆ. ಎಡಚ ಎಂಬುದನ್ನು ಹೊಡೆದು ಹಾಕುತ್ತಿದ್ದೇನೆ. ಕೆಳಗೆ ಬರೆಯುತ್ತಿದ್ದೇನೆ: ಪಾ... ಕ... ದ... ಜ್ಜ. ತಾರೀಕು ಸರಿಯಾಗಿದೆ, ಅದು ಹಾಗೆಯೇ ಇರಲಿ.

ಮಾನಪತ್ರದ ಆ ಸಾಲನ್ನೂ ತಿದ್ದಿಸಿಕೊಡಿ. ಮೂವತ್ತೊಂದು ವರ್ಷ, ಒಂದು ಕಲ್ಲು. ಹಾಗೆ ಬರೆದರೆ ನಾನು ಅದನ್ನು ಗೋಡೆಗೆ ತೂಗುಹಾಕಿಕೊಳ್ಳುತ್ತೇನೆ, ಈಗಿರುವಂತೆ ಬೇಡ.

ಎಡಚನ ಹೆಸರಿನಲ್ಲಿ ಈಗ ಒಂದೂ ಕಲ್ಲಿಲ್ಲ. ನಿಯಮದ ಪ್ರಕಾರ ಅವನಿಗೆ ಯಾವ ಅಡ್ಡಿಯೂ ಇಲ್ಲ. ಅಧ್ಯಕ್ಷರೇ, ನೀವು ತೀರ್ಮಾನ ಮಾಡುವವರು, ನಾನು ಹೇಳುವವನಷ್ಟೇ. ಹುಲ್ಲಿನ ಅಂಟನ್ನು ಹದಕ್ಕೆ ಇಳಿಸುವುದು ಹೇಗೆಂದು ಕಂಡುಕೊಂಡವನು ಅವನು. ಹೊರಗಿನಿಂದ ಯಾರೇ ಬಂದರೂ ಮೊದಲು ಅವನ ಹತ್ತಿರ ಲೋಟ ಹಿಡಿದು ಕಲಿಯಬೇಕು. ಏನು, ಲಕೋಟೆ ಎರಡು ತುಂಡಾಯಿತೇ? ಸಭಿಕರೇ, ಅಧ್ಯಕ್ಷರು ಹರಿದು ಜೇಬಿಗೆ ಹಾಕಿಕೊಂಡರು! ಚಪ್ಪಾಳೆ ನನಗಲ್ಲ, ಬಾಗಿಲ ಕಡೆ ತಿರುಗಿ ತಟ್ಟಿ. ಇನ್ನೂ ಜೋರಾಗಿ! ಅಳಬೇಡ ಕಣೋ ದಡ್ಡ, ನಾನೇ ಅಳದೆ ನಿಂತಿದ್ದೇನೆ.

ಕೊನೆಯದಾಗಿ, ಹೋಗುವ ಮೇಸ್ತ್ರಿ ಬರುವ ಮೇಸ್ತ್ರಿಗೆ ಸೌಟು ಕೊಟ್ಟು ಹೋಗಬೇಕು. ಮೇಜಿನ ಕೆಳಗಿದೆ, ತೆಗೆಯುತ್ತೇನೆ. ನಿನ್ನೆ ಮಧ್ಯಾಹ್ನ ಇದನ್ನು ಬೆಸುಗೆಯವರ ಹತ್ತಿರ ತೆಗೆದುಕೊಂಡು ಹೋಗಿ ಹಿಡಿಯನ್ನು ಕಾಯಿಸಿ ಎಡಕ್ಕೆ ಬಗ್ಗಿಸಿಕೊಂಡು ಬಂದೆ. ನಿನ್ನೆಯ ನನ್ನ ಲೆಕ್ಕಾಚಾರದಲ್ಲಿ, ಹೊರಗಿನಿಂದ ಬರುವವರಿಗೆ ಬೇರೆ ಸೌಟು ಇಟ್ಟು, ಇದನ್ನು ‘ಜ್ಞಾಪಕಕ್ಕೆ ಇಟ್ಟುಕೋ’ ಎಂದು ಗುಟ್ಟಾಗಿ ಎಡಚನ ಕೈಗಿಟ್ಟು, ಬಾಯಿ ಮುಚ್ಚಿಕೊಂಡು ಮನೆಗೆ ಹೋಗುವವನಿದ್ದೆ. ಇಷ್ಟೆಲ್ಲ ಹೇಳುವ ಧೈರ್ಯ ನಿನ್ನೆ ಇರಲಿಲ್ಲ, ಇಂದು ನಿಮ್ಮ ಮುಖಗಳನ್ನು ನೋಡಿದ ಮೇಲೆ ಬಂತು. ಹದಿನಾರು ವರ್ಷ ಅವನು ಓರೆಯಾಗಿ ನಿಂತದ್ದು ಸಾಕು.

ಹೂಗುಚ್ಛ, ಗಡಿಯಾರ, ಒಳ್ಳೆಯ ಮಾತು ಕೊಟ್ಟ ನಿಮಗೆಲ್ಲ, ಸಿಟ್ಟಿಗೆ ನಗುವನ್ನೇ ಕೊಟ್ಟ ಹುಲ್ಲು ಮೇಡಂಗೆ, ಮೂವತ್ತೊಂದು ವರ್ಷ ನನ್ನ ಅಂಗಿಯನ್ನು ಬೇರೆ ಬಕೆಟಿನಲ್ಲಿ ನೆನೆಸಿದ ನನ್ನ ಹೆಂಡತಿಗೆ ನಾನು ಋಣಿ. ಈಗ ಎಲ್ಲರಿಗೂ ಕೈಮುಗಿಯೋಣವೆಂದರೆ ಒಂದು ಕೈಯಲ್ಲಿ ಸೌಟಿದೆ. ಲೋ ಎಡಚ, ಅಲ್ಲಿಯೇ ನಿಂತರೆ ಹೇಗೋ? ಬೇಗ ಬಂದು ತಗೋ, ನಾನು ಇವರಿಗೆಲ್ಲ ಕೈಮುಗಿಯಬೇಕು. ಬಲಗೈ ಚಾಚಬೇಡ, ಎಡಗೈ. ಹಾಂ, ಹಾಗೆ.

ಈಗ ನನ್ನ ಎರಡೂ ಕೈ ಖಾಲಿಯಾದವು. ಎಲ್ಲರಿಗೂ ನಮಸ್ಕಾರ.